ಪರ್ ಯೂನಿಟ್

ವಿದ್ಯುತ್ ಯಂತ್ರಗಳ ಲೆಕ್ಕದಲ್ಲಿ ‘ಪರ್ ಯೂನಿಟ್’ ಎಂದರೆ ಕರೆಂಟ್ ಬಿಲ್ಲಿನ ಯೂನಿಟ್ ಅಲ್ಲ. ಬಿಲ್ಲಿನದು ಒಂದು ಕಿಲೋವ್ಯಾಟ್-ಅವರ್; ಇದು ಬರೀ ಅನುಪಾತ. ‘ಪರ್’ ಲ್ಯಾಟಿನ್ ಮೂಲದ್ದು. ‘ಯೂನಿಟ್’ ಪದವನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದವನು ಗಣಿತಜ್ಞ ಜಾನ್ ಡೀ, 1570ರಲ್ಲಿ, ಯೂಕ್ಲಿಡ್ಡನ ಇಂಗ್ಲಿಷ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ.

ಎ.ಸಿ. ಯಂತ್ರದ ಅಳತೆಯನ್ನು ಅದೇ ಬಗೆಯ ಆಧಾರಮೌಲ್ಯದಿಂದ ಭಾಗಿಸಿದರೆ ಪರ್ ಯೂನಿಟ್ ಸಿಗುತ್ತದೆ. 10 ಕಿಲೋವೋಲ್ಟಿನ 100 ಎಂವಿಎ ಜನರೇಟರಿಗೆ ಆಧಾರ ಇಂಪೀಡೆನ್ಸ್ (ಕಿಲೋವೋಲ್ಟಿನ ವರ್ಗವನ್ನು ಎಂವಿಎಯಿಂದ ಭಾಗಿಸಿದ್ದು) 1 ಓಮ್. ಅದೇ ವೋಲ್ಟೇಜಿನ 25 ಎಂವಿಎ ಜನರೇಟರಿಗೆ 4 ಓಮ್. ಮೊದಲನೆಯದರ ರಿಯಾಕ್ಟೆನ್ಸ್ 1.8 ಓಮ್, ಎರಡನೆಯದರದು 7.2 ಓಮ್ ಇದ್ದರೂ ಪರ್ ಯೂನಿಟ್ಟಿನಲ್ಲಿ ಎರಡೂ 1.8. ಗಾತ್ರ ಬೇರೆಯಾದ ಯಂತ್ರಗಳನ್ನು ಹೋಲಿಸಲು ಇದೇ ಅನುಕೂಲ.

ಇಂಡಕ್ಷನ್ ಮೋಟರಿನ ಸ್ಲಿಪ್ (ಸಿಂಕ್ರೊನಸ್ ವೇಗಕ್ಕಿಂತ ಮೋಟರು ಹಿಂದೆ ಬೀಳುವ ಪ್ರಮಾಣ) ಕೂಡ ಹೀಗೆಯೇ, ಆಧಾರ ಸಿಂಕ್ರೊನಸ್ ವೇಗ: ಸಿಂಕ್ರೊನಸ್ ವೇಗ ನಿಮಿಷಕ್ಕೆ 1500 ಸುತ್ತು, ಮೋಟರು ತಿರುಗುವುದು 1440 ಸುತ್ತು ಎಂದಾದರೆ ಸ್ಲಿಪ್ 0.04 ಪರ್ ಯೂನಿಟ್, ಅಂದರೆ ಶೇಕಡ 4.