ಸೀಸೆಯಲ್ಲೇ ಉಳಿದ ಔಷಧೀಯ ಸಸ್ಯಗಳು

ಅಳಿವಿನಂಚಿಗೆ ಬಂದ ಯಾವ ಔಷಧೀಯ ಸಸ್ಯದ ಮಾತೆತ್ತಿದರೂ ಈಗ ಸಿದ್ಧ ಉತ್ತರವೊಂದಿದೆ: ‘ಟಿಶ್ಯೂ ಕಲ್ಚರ್ ಮಾಡಿದರಾಯಿತು.’ ಈ ವಿದ್ಯೆ ನಡೆದುಬಂದ ದಾರಿ ಬಲ್ಲವರು ಅಷ್ಟು ಸಲೀಸಾಗಿ ಹಾಗೆನ್ನಲಾರರು.

ಆರಂಭದ ಕತೆ ಪಠ್ಯಪುಸ್ತಕಗಳಲ್ಲಿದೆ. 1902ರಲ್ಲಿ ಹೇಬರ್‌ಲಾಂಟ್ ಬಿಡಿಕೋಶಗಳನ್ನು ಬೆಳೆಸಹೊರಟರು, ಕೈಗೂಡಲಿಲ್ಲ. ಆಕ್ಸಿನ್ ಮತ್ತು ಸೈಟೋಕೈನಿನ್ ಎಂಬ ಸಸ್ಯ ಹಾರ್ಮೋನುಗಳ ಪ್ರಮಾಣ ಹೆಚ್ಚುಕಡಿಮೆ ಮಾಡಿ ಬೇರನ್ನೋ ಚಿಗುರನ್ನೋ ಬರಿಸಬಹುದೆಂದು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿದರು. 1962ರಲ್ಲಿ ಬಂದ ಮುರಾಶಿಗೆ-ಸ್ಕೂಗ್ ಪೋಷಕ ಮಾಧ್ಯಮವೇ ಇಂದಿಗೂ ಬಹುಪಾಲು ಪ್ರಯೋಗಾಲಯಗಳ ಆಧಾರ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ ದತ್ತೂರದ ಪರಾಗಕೋಶದಿಂದ ಭ್ರೂಣಗಳನ್ನು ಪಡೆದದ್ದು ಜಗತ್ತೇ ಗಮನಿಸಿದ ಕೆಲಸ.

ನಮ್ಮ ತಲೆಮಾರು ಪ್ರಯೋಗಾಲಯಕ್ಕೆ ಕಾಲಿಟ್ಟಾಗ ಎರಡು ದಾರಿಗಳಿದ್ದವು. ಒಂದು, ಅಂಗಾಂಶವನ್ನು ಕ್ಯಾಲಸ್ ಎಂಬ ಆಕಾರವಿಲ್ಲದ ಮುದ್ದೆಯಾಗಿಸಿ ಅದರಿಂದ ಗಿಡ ಪಡೆಯುವುದು. ಇನ್ನೊಂದು, ಗೆಣ್ಣಿನಲ್ಲಿರುವ ಮೊಗ್ಗನ್ನೇ ಚಿಗುರಿಸುವುದು. ಮೊದಲನೆಯದರಲ್ಲಿ ಸಂಖ್ಯೆ ಬೇಗ ಏರುತ್ತದೆ, ಆದರೆ ತಾಯಿಗಿಡದ ಗುಣ ಕದಲುವ ಅಪಾಯವೂ ಹೆಚ್ಚು; 1981ರಲ್ಲಿ ಲಾರ್ಕಿನ್ ಮತ್ತು ಸ್ಕೋಕ್ರಾಫ್ಟ್ ಇದನ್ನು ವಿವರವಾಗಿ ಮುಂದಿಟ್ಟರು. ಗುಣವೇ ಮುಖ್ಯವಾದ ಔಷಧಿಗೆ ಗೆಣ್ಣಿನ ದಾರಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೋಶಕೃಷಿಯ ಜಾಗ ಬೇರೆ: 1980ರ ದಶಕದಲ್ಲಿ ಜಪಾನಿನಲ್ಲಿ ಶಿಕೋನಿನ್ ತಯಾರಾದಂತೆ, ಗಿಡವಿಲ್ಲದೆ ತೊಟ್ಟಿಯಲ್ಲೇ ಔಷಧವಸ್ತು ಪಡೆಯಲು ಅದು ತಕ್ಕದ್ದು.

ನಿಜವಾದ ಪರೀಕ್ಷೆ ಶುರುವಾಗುವುದು ಸೀಸೆಯ ಮುಚ್ಚಳ ತೆಗೆದ ಮೇಲೆ. ಒಳಗಿನ ಗಾಳಿ ತೇವದಿಂದ ತುಂಬಿರುತ್ತದೆ. ಹಾಗಾಗಿ ಎಲೆಯ ಮೇಣದ ಪದರ ತೆಳು, ಪತ್ರರಂಧ್ರಗಳಿಗೆ ಸರಿಯಾಗಿ ಮುಚ್ಚಿಕೊಳ್ಳಲು ಬಾರದು. ಒಣಗಾಳಿ ತಾಗಿದರೆ ಸಸಿ ನೋಡನೋಡುತ್ತಲೇ ಜೋತುಬೀಳುತ್ತದೆ. ಬೇರಿಗಂಟಿದ ಅಗಾರ್ ತೊಳೆದು, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಸರಿಸುತ್ತ ಹದಗೊಳಿಸಬೇಕು. ಈ ಕೆಲಸ ಬಲ್ಲ ನರ್ಸರಿ ಕೆಲಸಗಾರರ ಹೆಸರು ಪ್ರಬಂಧಗಳಲ್ಲಿ ಕಾಣುವುದೇ ಅಪರೂಪ.

ಪ್ರಬಂಧಗಳು ಹೆಚ್ಚಾಗಿ ಕುಂಡದಲ್ಲಿ ನಿಂತ ಸಸಿಯ ಚಿತ್ರಕ್ಕೇ ಮುಗಿಯುತ್ತವೆ. ಸರ್ಪಗಂಧದ ಔಷಧ ಇರುವುದು ಬೇರಿನಲ್ಲಿ. ಬೀಜದ ಗಿಡದ ಹಾಗೆ ಈ ಸಸಿಯೂ ದಪ್ಪ ಬೇರು ಬಿಟ್ಟೀತೇ, ಅದರಲ್ಲಿ ರಿಸರ್ಪಿನ್ ಎಷ್ಟು ಎಂದು ಕೊಯ್ಲಿನವರೆಗೆ ಕಾದು ಅಳೆದವರು ಕಡಿಮೆ. ಪಶ್ಚಿಮ ಘಟ್ಟದ ಮರದರಿಶಿನ ಬಳ್ಳಿಯಲ್ಲಿ ಗಂಡು, ಹೆಣ್ಣು ಬೇರೆಬೇರೆ. ಒಂದೇ ತಾಯಿಬಳ್ಳಿಯಿಂದ ಸಾವಿರ ಸಸಿ ಮಾಡಿ ಕಾಡಿಗಿಟ್ಟರೂ ಸಾವಿರವೂ ಒಂದೇ ಲಿಂಗದವು. ತಮ್ಮಷ್ಟಕ್ಕೆ ಅವು ಬೀಜ ಕಟ್ಟಲಾರವು. ಸಂಖ್ಯೆ ಹೆಚ್ಚಿತು, ಸಂತತಿ ಬೆಳೆಯಲಿಲ್ಲ.

ಆದ್ದರಿಂದ ಸಂಶೋಧನೆಗೆ ಹಣ ಕೊಡುವವರಲ್ಲಿ ನನ್ನ ವಿನಂತಿ: ತಾಯಿಗಿಡಗಳು ಎಷ್ಟು, ಯಾವ ಕಾಡಿನವು ಎಂದು ಮೊದಲು ಕೇಳಿ. ಯೋಜನೆಯ ಅವಧಿಯನ್ನು ಬೆಳೆಯ ಕೊಯ್ಲಿನವರೆಗೂ ವಿಸ್ತರಿಸಿ.