ಎದೆನೋವು: ಆಂಜಿಯೋಗ್ರಾಂ ಸಹಜವಿದ್ದರೂ ನೋವು ಸುಳ್ಳಲ್ಲ

ಮಂಡ್ಯ: ಎದೆನೋವೆಂದು ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಮೈಸೂರು ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತೆರಳಿ ಆಂಜಿಯೋಗ್ರಾಂ ಮಾಡಿಸಿಕೊಳ್ಳುವವರಲ್ಲಿ ಕೆಲವರಿಗೆ ರಕ್ತನಾಳದಲ್ಲಿ ಅಡಚಣೆ ಇಲ್ಲವೆಂಬ ವರದಿ ಬರುತ್ತದೆ. ಆದರೂ ನೋವು ನಿಲ್ಲದು. 'ಗ್ಯಾಸ್ಟ್ರಿಕ್ ಇರಬೇಕು', 'ಸುಮ್ಮನೆ ಭಯ' ಎಂಬ ಮಾತು ಕೇಳಿ ಹಲವರು ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ವೈದ್ಯವಿಜ್ಞಾನದ ಪ್ರಕಾರ ಈ ನೋವು ನಿಜ. ಇದಕ್ಕೆ ಚಿಕಿತ್ಸೆಯೂ ಇದೆ.

ಕಾರಣವೇನು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ನಾಳಗಳ ಪೈಕಿ ದೊಡ್ಡವು ಮಾತ್ರ ಆಂಜಿಯೋಗ್ರಾಂನಲ್ಲಿ ಕಾಣುತ್ತವೆ. ಸುಮಾರು ಅರ್ಧ ಮಿಲಿಮೀಟರ್‌ಗಿಂತ ಕಿರಿದಾದವು ಗೋಚರಿಸುವುದಿಲ್ಲ. ಈ ಸೂಕ್ಷ್ಮನಾಳಗಳು ಅಗತ್ಯಕ್ಕೆ ತಕ್ಕಷ್ಟು ಹಿಗ್ಗದಿದ್ದಾಗ ಅಥವಾ ದೊಡ್ಡ ನಾಳ ತಾತ್ಕಾಲಿಕವಾಗಿ ಸೆಟೆದುಕೊಂಡಾಗ ಎದೆನೋವು ಉಂಟಾಗುತ್ತದೆ. ಮಹಿಳೆಯರಲ್ಲಿ ಈ ಸಮಸ್ಯೆ ಹೆಚ್ಚು. 1973ರಲ್ಲಿ ಅಮೆರಿಕದ ಹೃದ್ರೋಗ ತಜ್ಞ ಹಾರ್ವೆ ಕೆಂಪ್ ಇದನ್ನು 'ಸಿಂಡ್ರೋಮ್ ಎಕ್ಸ್' ಎಂದು ಕರೆದಿದ್ದರು.

ಮನಸ್ಸಿನ ಪಾತ್ರ

1871ರಲ್ಲಿಯೇ ಜೇಕಬ್ ಡಾ ಕೋಸ್ಟಾ ಎಂಬ ವೈದ್ಯರು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆನೋವು, ಎದೆಬಡಿತ ಮತ್ತು ಏದುಸಿರನ್ನು ಗುರುತಿಸಿ ದಾಖಲಿಸಿದ್ದರು. ಆತಂಕವಾದಾಗ ಅಡ್ರಿನಲಿನ್ ಹೆಚ್ಚಿ ಎದೆಬಡಿತ, ಉಸಿರಾಟ ವೇಗ ಪಡೆಯುತ್ತವೆ. ಎದೆಯ ಸ್ನಾಯುಗಳು ಬಿಗಿಯುತ್ತವೆ. ನೋವು ಭಯವನ್ನು, ಭಯ ನೋವನ್ನು ಹೆಚ್ಚಿಸುತ್ತದೆ. ಖಿನ್ನತೆಯೂ ಜೊತೆಗೂಡಬಹುದು. ಸೂಕ್ಷ್ಮನಾಳದ ತೊಂದರೆ ಹಾಗೂ ಆತಂಕ ಒಬ್ಬರಲ್ಲೇ ಇರುವುದೂ ಉಂಟು. ಆದ್ದರಿಂದ ಎರಡರ ತಪಾಸಣೆಯೂ ಅಗತ್ಯ.

ಚಿಕಿತ್ಸೆ ಎಲ್ಲಿ?

ನಾಳದ ತೊಂದರೆಗೆ ಔಷಧಗಳಿವೆ. ರಕ್ತದೊತ್ತಡ, ಮಧುಮೇಹದ ನಿಯಂತ್ರಣ ಹಾಗೂ ತಂಬಾಕು ತ್ಯಜಿಸುವುದು ಮುಖ್ಯ. ಆತಂಕಕ್ಕೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆ ಉಪಯುಕ್ತ. ಅಗತ್ಯವಿದ್ದರೆ ಮಾತ್ರೆಯನ್ನೂ ನೀಡಲಾಗುತ್ತದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ (ಮಿಮ್ಸ್) ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. 2022ರ ಅಕ್ಟೋಬರ್ 10ರಂದು ಚಾಲನೆಗೊಂಡ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎಚ್ಚರಿಕೆ ಅಗತ್ಯ

ಎದೆನೋವು ಮಾನಸಿಕ ಕಾರಣದ್ದೆಂದು ರೋಗಿಯಾಗಲಿ, ಮನೆಯವರಾಗಲಿ ತಾವೇ ತೀರ್ಮಾನಿಸಬಾರದು. ಬೆವರು, ಉಸಿರಾಟದ ತೊಂದರೆ, ತೋಳು ಅಥವಾ ದವಡೆಗೆ ಹರಡುವ ನೋವಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ಹಿಂದಿನ ವರದಿ ಸಹಜವಾಗಿತ್ತೆಂಬ ಕಾರಣಕ್ಕೆ ಇಂದಿನ ನೋವನ್ನು ಕಡೆಗಣಿಸುವಂತಿಲ್ಲ.