ಮಾರಿಸ್ ಮೈನರ್‌ನ ಮುಂಗಾಲು

1948ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಯುದ್ಧಾನಂತರದ ಮೊದಲ ಮೋಟಾರು ಪ್ರದರ್ಶನ ನಡೆಯಿತು. ಜನ ಮುಗಿಬಿದ್ದಿದ್ದು ಜಾಗ್ವಾರ್ ಎಕ್ಸ್‌ಕೆ 120 ಎಂಬ ಸುಂದರ ವಾಹನದ ಸುತ್ತ. ಅದೇ ಸೂರಿನಡಿ ಮಾರಿಸ್ ಮೈನರ್ ಎಂಬ ಗುಂಡುಗುಂಡಾದ ಪುಟ್ಟ ಕಾರೂ ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಂಪನಿಯ ಒಡೆಯ ಲಾರ್ಡ್ ನಫೀಲ್ಡ್‌ಗೇ ಅದು ಹಿಡಿಸಿರಲಿಲ್ಲ. ನೀರಿನಲ್ಲಿ ಬೇಯಿಸಿದ ಮೊಟ್ಟೆಯಂತಿದೆ ಎಂದು ಆತ ಹೀಗಳೆದಿದ್ದ. ಆ ಮೊಟ್ಟೆಯೇ ಮುಂದೆ ಹದಿನಾರು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರೆನಿಸಿತು.

ಮೈನರ್ ಬಗ್ಗೆ ಬರೆಯುವವರೆಲ್ಲ ಅದರ ರೂಪವನ್ನು ಹೊಗಳುತ್ತಾರೆ. ತಯಾರಿಕೆಗೆ ಸ್ವಲ್ಪ ಮುಂಚೆ ವಿನ್ಯಾಸಕಾರ ಅಲೆಕ್ ಇಸಿಗೋನಿಸ್‌ಗೆ ಕಾರು ತೀರ ಕಿರಿದಾಯಿತು ಅನಿಸಿ, ಮಾದರಿಯನ್ನು ಉದ್ದಕ್ಕೂ ಸೀಳಿಸಿ ನಡುವೆ ನಾಲ್ಕು ಇಂಚು ಸೇರಿಸಿದ ಕಥೆಯನ್ನೂ ಹೇಳುತ್ತಾರೆ. ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿ ಇವತ್ತಿಗೂ ಅದರ ಗುರುತು. ಆದರೆ ಇಸಿಗೋನಿಸ್‌ರ ನಿಜವಾದ ಗುರುತು ಇರುವುದು ಮಡ್‌ಗಾರ್ಡಿನ ಕೆಳಗೆ, ಕೆಸರು ಮೆತ್ತಿಕೊಂಡ ಮುಂಚಕ್ರಗಳ ಹಿಂದೆ ಎಂಬುದು ನನ್ನ ಎಣಿಕೆ. ಹಳೆಯ ಮೈನರ್ ಒಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಆ ಜಾಗಕ್ಕೆ ಕೈಹಾಕಲೇಬೇಕು. ಕೈಹಾಕಿದವರಿಗೆ ಒಂದು ಕಾಲದ ಬದುಕಿನ ಕ್ರಮವೇ ಅಲ್ಲಿ ಸಿಗುತ್ತದೆ.

ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ ಸ್ಮಿರ್ನಾದಲ್ಲಿ, ಈಗಿನ ಟರ್ಕಿಯ ಇಜ್ಮಿರ್. 1922ರ ಯುದ್ಧದ ದಳ್ಳುರಿಯಲ್ಲಿ ಆ ಕುಟುಂಬ ಮನೆಮಾರು ಬಿಟ್ಟು ಬ್ರಿಟಿಷ್ ಹಡಗಿನಲ್ಲಿ ಮಾಲ್ಟಾ ಸೇರಿತು. ತಂದೆ ಅಲ್ಲೇ ತೀರಿಕೊಂಡರು. ಹದಿಹರೆಯದ ಹುಡುಗ ತಾಯಿಯೊಂದಿಗೆ ಇಂಗ್ಲೆಂಡಿಗೆ ಬಂದು, ಗಣಿತದಲ್ಲಿ ಮತ್ತೆ ಮತ್ತೆ ನಪಾಸಾಗುತ್ತಲೇ ಎಂಜಿನಿಯರಿಂಗ್ ಕಲಿತ. 1936ರಲ್ಲಿ ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿದ್ದ ಮಾರಿಸ್ ಕಾರ್ಖಾನೆ ಸೇರುವ ಹೊತ್ತಿಗೆ ಸಸ್ಪೆನ್ಶನ್ ಅವರ ಹುಚ್ಚಾಗಿತ್ತು. ಕೈಯಲ್ಲಿ ಗೀಚಿದ ಚಿತ್ರಗಳನ್ನು ಅಳತೆಗಳಿರುವ ನಕ್ಷೆಗಳಾಗಿ ಮಾಡಿಕೊಟ್ಟವರು ಜ್ಯಾಕ್ ಡೇನಿಯಲ್ಸ್ ಎಂಬ ಸಹೋದ್ಯೋಗಿ. ಆ ಹೆಸರು ಇತಿಹಾಸದಲ್ಲಿ ಹಿಂದೆ ಸರಿದಿದೆ. ಅಂಥವರ ಪಾಡೇ ಅಷ್ಟು.

ಆ ಕಾಲದ ಅಗ್ಗದ ಬ್ರಿಟಿಷ್ ಕಾರುಗಳ ಮುಂಭಾಗ ಹೆಚ್ಚುಕಡಿಮೆ ಗಾಡಿಯದೇ ಆಗಿತ್ತು. ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಅಚ್ಚು, ಅದರ ಮೇಲೆ ಪಟ್ಟಿ ಸ್ಪ್ರಿಂಗುಗಳು. ಎಡಚಕ್ರ ಗುಂಡಿಗಿಳಿದರೆ ಬಲಚಕ್ರವೂ ವಾಲಬೇಕು. ಯುದ್ಧಕ್ಕೆ ಮುಂಚಿನ ಮಾರಿಸ್ ಏಟ್ ಇದ್ದದ್ದು ಹೀಗೆಯೇ. ಮೈನರ್‌ನಲ್ಲಿ ಇಸಿಗೋನಿಸ್ ಪ್ರತಿ ಮುಂಚಕ್ರಕ್ಕೂ ಅದರದೇ ಸ್ವತಂತ್ರ ಕಾಲು ಕೊಟ್ಟರು. ಸ್ಪ್ರಿಂಗಿನ ಜಾಗಕ್ಕೆ ಬಂದದ್ದು ಕಾರಿನ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು, ಟಾರ್ಷನ್ ಬಾರ್. ಅದರ ಹಿಂತುದಿ ಕಾರಿನ ಅಡಿಗೆ ಬಿಗಿದಿರುತ್ತದೆ, ಮುಂತುದಿ ಚಕ್ರದ ಕೆಳತೋಳಿಗೆ. ಚಕ್ರ ಮೇಲೆದ್ದಾಗ ಸರಳು ಒದ್ದೆಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಮೇಲಿನ ತೋಳಿಗೆ ಬೇರೆ ಬಿಡಿಭಾಗವೇ ಇಲ್ಲ. ಶಾಕ್ ಅಬ್ಸಾರ್ಬರಿನ ಕೈಯೇ ಮೇಲ್ತೋಳು. ಸ್ಟೇರಿಂಗಿಗೆ ಹಳೆಯ ಪೆಟ್ಟಿಗೆಯ ಬದಲು ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಪಟ್ಟಿಯ ಮೇಲೆ ಉರುಳುವ ಹಲ್ಲಿನ ಚಕ್ರ. ಚಾಲಕನ ಕೈ ಅಲುಗಿದರೆ ಚಕ್ರ ತಡಮಾಡದೆ ಕೇಳುತ್ತಿತ್ತು. ಬಡ ಮಧ್ಯಮವರ್ಗದ ಕಾರು ತಿರುವಿನಲ್ಲಿ ರೇಸಿನ ಕಾರಿನಂತೆ ನಡೆದುಕೊಂಡದ್ದು ಹೀಗೆ.

ಇಷ್ಟೆಲ್ಲ ಜಾಣತನದ ನಡುವೆ ಒಂದು ಉಳಿತಾಯದ ನಿರ್ಧಾರವೂ ಇತ್ತು. ಮುಂಚಕ್ರ ಎರಡು ಬಗೆಯಲ್ಲಿ ಚಲಿಸಬೇಕು: ರಸ್ತೆಗೆ ತಕ್ಕಂತೆ ಮೇಲೆ ಕೆಳಗೆ, ಸ್ಟೇರಿಂಗಿಗೆ ತಕ್ಕಂತೆ ಎಡಕ್ಕೆ ಬಲಕ್ಕೆ. ಈ ಎರಡನೆಯದಕ್ಕಾಗಿ ಚಕ್ರವನ್ನು ಹೊತ್ತ ನಿಲುಗಂಬವಿದೆ. ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ ಕಿಂಗ್‌ಪಿನ್. ಅದರ ಎರಡು ತುದಿಗಳಲ್ಲೂ ತಿರುಪಿನ ಸುತ್ತುಗಳಿವೆ. ಆ ತುದಿಗಳು ಟ್ರನಿಯನ್ ಎಂಬ ಲೋಹದ ಗೂಡುಗಳೊಳಗೆ ಬೋಲ್ಟು ನಟ್ಟಿನೊಳಗೆ ಕೂರುವಂತೆ ಕೂತಿರುತ್ತವೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಗೂಡಿನಲ್ಲಿ ಅಷ್ಟಿಷ್ಟು ತಿರುಚಿ ಬಿಚ್ಚುತ್ತದೆ. ಬೇರಿಂಗ್ ಇಲ್ಲ, ಸುತ್ತುಗಳೇ ಬೇರಿಂಗ್. ಸರಳ, ಅಗ್ಗ, ಗಟ್ಟಿ.

ಗೂಡಿನೊಳಗೆ ಗ್ರೀಸ್ ಇರುವತನಕ ಗಟ್ಟಿ. ಕಾರಿನ ಭಾರ ಸರಳಿನಿಂದ ಕೆಳತೋಳಿಗೆ, ತೋಳಿನಿಂದ ಕೆಳಗಿನ ಟ್ರನಿಯನ್‌ಗೆ ಇಳಿಯುತ್ತದೆ. ತೋಳು ಟ್ರನಿಯನ್ನನ್ನು ಕೆಳಕ್ಕೆ ಒತ್ತುತ್ತದೆ, ನೆಲ ಚಕ್ರದ ಮೂಲಕ ಕಂಬವನ್ನು ಮೇಲಕ್ಕೆ ನೂಕುತ್ತದೆ. ಅಂದರೆ ಕಂಬ ಯಾವಾಗಲೂ ಗೂಡಿನಿಂದ ಕಿತ್ತುಕೊಂಡು ಹೊರಬರಲು ನೋಡುತ್ತಿರುತ್ತದೆ. ಹಿಡಿದಿರುವುದು ಆ ನಾಲ್ಕಾರು ಸುತ್ತುಗಳು ಮಾತ್ರ. ಗ್ರೀಸ್ ಒಣಗಿ ನೀರು, ಮಣ್ಣು ಸೇರಿದರೆ ಸುತ್ತುಗಳು ಸವೆಯುತ್ತವೆ. ಒಂದು ದಿನ, ಬಹುಪಾಲು ಮೆಲ್ಲಗೆ ಹೋಗುತ್ತ ಪೂರ್ತಿ ತಿರುಗಿಸುವಾಗ, ಕಂಬ ಗೂಡಿನಿಂದ ಕಳಚಿ ಚಕ್ರ ಮಡ್‌ಗಾರ್ಡಿನಡಿ ಮಡಚಿಕೊಳ್ಳುತ್ತದೆ. ಮೂಗು ನೆಲಕ್ಕೆ ಬಡಿದು ಕಾರು ಕೂತುಬಿಡುತ್ತದೆ. ವೇಗದಲ್ಲಿರುವಾಗ ಹೀಗಾದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನು ವಿನ್ಯಾಸದ ದೋಷ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಕಾಲದ ಕಾರಿಗೆ ಸುಮಾರು ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ಕೆಳಗೆ ನುಸುಳುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂಬುದು ಎಲ್ಲರೂ ಒಪ್ಪಿಕೊಂಡ ವಿಷಯವಾಗಿತ್ತು. ಬೀದಿಯ ಗ್ಯಾರೇಜಿನ ಹುಡುಗನೋ, ಭಾನುವಾರ ಬೆಳಿಗ್ಗೆ ಹಳೆ ಅಂಗಿ ತೊಟ್ಟ ಮನೆಯ ಯಜಮಾನನೋ. ಇಸಿಗೋನಿಸ್ ಬರೆದ ನಕ್ಷೆಯಲ್ಲಿ ಆ ಮನುಷ್ಯ ಕಾಣುವುದಿಲ್ಲ, ಆದರೂ ಅವನು ಅದರ ಒಂದು ಬಿಡಿಭಾಗ. ನಮ್ಮ ಎತ್ತಿನ ಗಾಡಿಯ ಮಗ್ಗುಲಲ್ಲಿ ಕೀಲೆಣ್ಣೆಯ ಗೊಟ್ಟ ತೂಗುತ್ತಿದ್ದುದೂ ಇದೇ ನಂಬಿಕೆಯಿಂದ: ಎಣ್ಣೆ ಹಾಕುವ ಕೈ ಗಾಡಿಯ ಜತೆಗೇ ಬರುತ್ತದೆ. ಆಮೇಲಿನ ಕಾರುಗಳು ರಬ್ಬರ್ ಹೊದಿಕೆಯೊಳಗೆ ಗ್ರೀಸನ್ನು ಸೀಲ್ ಮಾಡಿದ ಬಾಲ್ ಜಾಯಿಂಟುಗಳೊಂದಿಗೆ ಬಂದವು. ಆ ಕೈಗೆ ಕೆಲಸವಿಲ್ಲವಾಯಿತು. ಮೈನರ್ ತಯಾರಿಕೆ 1971ರ ಹೊತ್ತಿಗೆ ಮುಗಿದುಹೋಯಿತು. ಕಾರುಗಳು ಉಳಿದವು, ಅಭ್ಯಾಸ ಉಳಿಯಲಿಲ್ಲ.

ಭಾರತಕ್ಕೂ ಈ ಮುಂಗಾಲು ಬಂದಿತ್ತು. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಮೈನರನ್ನು ಬೇಬಿ ಹಿಂದುಸ್ತಾನ್ ಎಂಬ ಹೆಸರಿನಲ್ಲಿ ಮಾರಿತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಮಾದರಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು, ಅದೇ ಟಾರ್ಷನ್ ಬಾರ್ ಮತ್ತು ರ‍್ಯಾಕ್ ಸ್ಟೇರಿಂಗ್‌ಗಳೊಂದಿಗೆ. ಎಷ್ಟೋ ಬದಲಾವಣೆ ಕಂಡು 2014ರ ಮೇ ತಿಂಗಳವರೆಗೂ ತಯಾರಾಗುತ್ತಿತ್ತು. ನಮ್ಮ ಊರುಗಳ ಪೆಟ್ರೋಲ್ ಬಂಕ್‌ಗಳಲ್ಲಿ ವಾಟರ್ ಸರ್ವಿಸ್ ಜತೆ ಗ್ರೀಸ್ ಹೊಡೆಸುವ ವಾಡಿಕೆಯೂ ಅಂಥ ಕಾರುಗಳ ಕಾಲದ್ದೇ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ ಇತ್ತು.

ಈಗ ಮೈನರ್‌ನ ಮುಂಭಾಗ ಬಿಚ್ಚುವವರ ಕೆಲಸಕ್ಕೆ ಬರೋಣ. ಮೊದಲು ಭಯಪಡಬೇಕಾದದ್ದು ಸರಳಿಗೆ. ಕಾರು ನಿಂತಿದ್ದರೂ ಅದು ತಿರುಚಿಕೊಂಡೇ ಇರುತ್ತದೆ. ಕೆಳತೋಳಿಗೆ ಜ್ಯಾಕ್ ಕೊಟ್ಟು, ಮೇಲಿನ ಟ್ರನಿಯನ್ ಬಿಡಿಸಿ, ತೋಳನ್ನು ನಿಧಾನವಾಗಿ ಇಳಿಸಿ ಆ ಬಲವನ್ನು ಬಿಟ್ಟುಕೊಡಬೇಕು. ಬಿಚ್ಚಿದ ಸರಳುಗಳನ್ನು ಅದಲುಬದಲು ಮಾಡುವಂತಿಲ್ಲ. ಎಡದ್ದು ಒಂದು ದಿಕ್ಕಿಗೆ, ಬಲದ್ದು ಇನ್ನೊಂದು ದಿಕ್ಕಿಗೆ ವರ್ಷಗಟ್ಟಲೆ ತಿರುಚಿಕೊಂಡು ಉಕ್ಕು ಆ ಅಭ್ಯಾಸಕ್ಕೆ ಒಗ್ಗಿರುತ್ತದೆ. ಉಲ್ಟಾ ಹಾಕಿದರೆ ಮುರಿದೀತು. ಟ್ರನಿಯನ್ನುಗಳ ತಿರುಪೂ ಎಡಬಲಕ್ಕೆ ಬೇರೆಬೇರೆ. ತೋಳುಗಳ ರಬ್ಬರ್ ಬುಷ್‌ಗಳು ಒಡೆದು ಪುಡಿಯಾಗಿರುತ್ತವೆ. ಹೊಸ ಬುಷ್ ಹಾಕಿದಾಗ ಬೋಲ್ಟುಗಳನ್ನು ಕೊನೆಯ ಬಿಗಿತ ಬಿಗಿಯುವುದು ಕಾರು ಚಕ್ರದ ಮೇಲೆ ನಿಂತ ನಂತರವೇ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಸ್ಟೇರಿಂಗ್ ರ‍್ಯಾಕಿನ ತುದಿಯ ರಬ್ಬರ್ ಕವರ್ ಹರಿದು ಒಳಗಿನ ಎಣ್ಣೆ ಸೋರಿಹೋಗಿದ್ದರೆ ಹಲ್ಲುಗಳನ್ನೂ ನೋಡಬೇಕು.

ಆಮೇಲೆ ಎದುರಾಗುವ ಪ್ರಶ್ನೆ: ಸವೆದ ಟ್ರನಿಯನ್ ಬದಲು ಮತ್ತೆ ಟ್ರನಿಯನ್ನನ್ನೇ ಹಾಕಬೇಕೇ, ಅಥವಾ ಇಡೀ ಕಾಲನ್ನೇ ಬಾಲ್ ಜಾಯಿಂಟಿಗೆ ಬದಲಿಸಬೇಕೇ? ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಮೂಲರೂಪ ಬಹಳ ಬದಲಾಗಿರದ ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅಂದಮೇಲೆ ಚಕ್ರ ಅಲ್ಲಾಡಿಸಿ ನೋಡುವ ಹೊರಗಿನ ಕಣ್ಣೂ ಹೋಯಿತು. ಬಾಲ್ ಜಾಯಿಂಟ್ ಹಾಕಿಸಿಕೊಂಡವರನ್ನು ನಾನು ದೂರುವುದಿಲ್ಲ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಅದು ನ್ಯಾಯವೇ. ಆದರೆ ಮೂಲದ ಟ್ರನಿಯನ್ ಉಳಿಸಿಕೊಂಡವರು ಉಳಿಸಿಕೊಂಡದ್ದು ಒಂದು ಲೋಹದ ತುಂಡನ್ನಷ್ಟೇ ಅಲ್ಲ, ಅದರ ಜತೆಗೆ ಬರುವ ದುಡಿಮೆಯನ್ನೂ. ಅವರು ಕಾರಿನ ಮೂಗನ್ನು ಜ್ಯಾಕ್ ಮೇಲೆ ಎತ್ತಿ, ಸುತ್ತುಗಳ ಮೇಲಿನ ಭಾರ ತಪ್ಪಿಸಿ, ನಿಪ್ಪಲ್‌ಗೆ ಗನ್ ಕೊಟ್ಟು ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಒತ್ತುತ್ತಾರೆ. ಆಮೇಲೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಮೀಟರಿನ ಮೈಲಿ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡುತ್ತಾರೆ.